ಮುಯ್ಜೆನ್‌ಬರ್ಗ್‌ನಿಂದ ಗಾನ್ಸ್‌ಬಾಯ್: ಬಿಳಿ ಶಾರ್ಕ್‌ಗಳ ಕರಾವಳಿ

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಿಂದ ಮುಯ್ಜೆನ್‌ಬರ್ಗ್ ಕಡಲತೀರಕ್ಕೆ ಕಾರಲ್ಲಿ ಅರ್ಧ ಗಂಟೆ. ನೀರಿಗಿಳಿಯುವ ಮೊದಲು ದಡದಲ್ಲಿ ಯಾವ ಬಾವುಟ ಹಾರುತ್ತಿದೆ ನೋಡಿ. ಹಸಿರಾದರೆ ನೀರು ತಿಳಿ, ಶಾರ್ಕ್ ಕಂಡಿಲ್ಲ. ಕಪ್ಪಾದರೆ ಕಾವಲುಗಾರರಿಗೇ ನೀರೊಳಗೆ ಸರಿಯಾಗಿ ಕಾಣುತ್ತಿಲ್ಲ. ಕೆಂಪಾದರೆ ಎಚ್ಚರಿಕೆ. ಶಾರ್ಕ್ ಚಿತ್ರದ ಬಿಳಿ ಬಾವುಟ ಏರಿ ಸೈರನ್ ಕೂಗಿತೋ, ತಕ್ಷಣ ದಡಕ್ಕೆ ಬನ್ನಿ. ಕಾವಲುಗಾರರು 2004ರಿಂದಲೂ ಗುಡ್ಡದ ಮೇಲಿಂದ ದುರ್ಬೀನು ಹಿಡಿದು ನೋಡುತ್ತಿದ್ದಾರೆ. ಮೋಡ ಕವಿದರೆ, ಅಲೆ ಎದ್ದರೆ ಅವರ ಕಣ್ಣೂ ಸೋಲುತ್ತದೆ.

ಪಕ್ಕದ ಫಿಶ್‌ಹೂಕ್‌ನಲ್ಲಿ ಸಣ್ಣ ಕಣ್ಣಿನ ಬಲೆ ಈಜುವ ಜಾಗವನ್ನು ಪೂರ್ತಿ ಸುತ್ತುವರಿಯುತ್ತದೆ. ಬೆಳಿಗ್ಗೆ ಹಾಕಿ ಸಂಜೆ ಎಳೆದುಕೊಳ್ಳುತ್ತಾರೆ. 1952ರಲ್ಲಿ ಪೂರ್ವ ಕರಾವಳಿಯ ಡರ್ಬನ್‌ನಲ್ಲಿ ಶುರುವಾದ ಬಲೆಯ ಕಥೆಯೇ ಬೇರೆ. ಸುಮಾರು 214 ಮೀಟರ್ ಉದ್ದ, 6 ಮೀಟರ್ ಎತ್ತರದ ಆ ಬಲೆಗಳ ಕೆಳಗೂ ಪಕ್ಕದಲ್ಲೂ ಶಾರ್ಕ್ ನುಸುಳಬಹುದು. ಅವು ತಡೆಗೋಡೆಯಲ್ಲ, ಶಾರ್ಕ್ ಹಿಡಿದು ಕೊಲ್ಲುವ ಸಾಧನ. ಡಾಲ್ಫಿನ್, ಆಮೆಗಳೂ ಸಿಕ್ಕಿ ಸಾಯುತ್ತವೆ. 1991ರಲ್ಲಿ ಬಿಳಿ ಶಾರ್ಕ್‌ಗೆ ಜಗತ್ತಿನಲ್ಲೇ ಮೊದಲು ರಕ್ಷಣೆ ಕೊಟ್ಟ ದೇಶದಲ್ಲೇ ಈ ಬಲೆಗಳೂ ಉಳಿದಿರುವುದು ವಿಚಿತ್ರ.

ಮುಂದೆ ಹರ್ಮಾನಸ್ ದಾಟಿದರೆ ಗಾನ್ಸ್‌ಬಾಯ್. ಕೇಪ್‌ಟೌನ್‌ನಿಂದ ನೇರ ಹೊರಟರೆ ಎರಡು ತಾಸಿನ ದಾರಿ. ಹತ್ತಿರದ ಡೇಂಜರ್ ಪಾಯಿಂಟ್‌ನಲ್ಲಿ 1852ರ ಫೆಬ್ರುವರಿ 26ರ ನಸುಕಿನಲ್ಲಿ ಬರ್ಕನ್‌ಹೆಡ್ ಎಂಬ ಬ್ರಿಟಿಷ್ ಸೈನಿಕ ಹಡಗು ಬಂಡೆಗೆ ಬಡಿಯಿತು. ಹೆಂಗಸರು, ಮಕ್ಕಳೆಲ್ಲ ದೋಣಿಯಲ್ಲಿ ಪಾರಾದರು. 400ಕ್ಕೂ ಹೆಚ್ಚು ಗಂಡಸರು ಸತ್ತರು. ಹೆಚ್ಚಿನವರು ಮುಳುಗಿ, ಕೆಲವರು ಶಾರ್ಕ್ ಬಾಯಿಗೆ ಸಿಕ್ಕಿ. ಈಗಿರುವ ದೀಪಸ್ತಂಭ ಬೆಳಗತೊಡಗಿದ್ದು 1895ರಲ್ಲಿ.

ಪಂಜರದೊಳಗೆ ಇಳಿಸಿ ಶಾರ್ಕ್ ತೋರಿಸುವ ದೋಣಿ ಹೊರಡುವುದು ಕ್ಲೈನ್‌ಬಾಯ್ ಬಂದರಿನಿಂದ. ವಾಂತಿ ತಡೆಯುವ ಮಾತ್ರೆಯನ್ನು ಒಂದು ತಾಸು ಮೊದಲೇ ನುಂಗಿ. ದೋಣಿ ತೂಗತೊಡಗಿದ ಮೇಲೆ ಅದು ಕೆಲಸಕ್ಕೆ ಬಾರದು, ಜೊತೆಗೆ ಮೀನೆಣ್ಣೆಯ ನಾತ. ಪಂಜರವನ್ನು ದೋಣಿಯ ಪಕ್ಕೆಗೆ ಕಟ್ಟಿರುತ್ತಾರೆ, ಅದರ ಮೇಲ್ತುದಿ ನೀರಿನ ಮೇಲೇ ಇರುತ್ತದೆ. ಉಸಿರಾಟಕ್ಕೆ ಗಾಳಿಯ ಸಿಲಿಂಡರ್ ಇಲ್ಲ. ಶಾರ್ಕ್ ಸೆಳೆಯಲು ಟ್ಯೂನಾ ಮೀನಿನ ತಲೆ ಕಟ್ಟಿದ ಹಗ್ಗವನ್ನು ಎಳೆಯುತ್ತಾ ಸಿಬ್ಬಂದಿ ಕೂಗಿದಾಗ ಉಸಿರು ಬಿಗಿಹಿಡಿದು ಮುಳುಗಬೇಕು. ಹಿಡಿದುಕೊಳ್ಳುವುದು ಒಳಗಿನ ಸರಳನ್ನೇ; ಬೆರಳು, ಕ್ಯಾಮೆರಾ ಹೊರಗೆ ಚಾಚುವುದು ಬೇಡ.

ಆದರೆ ಬಿಳಿ ಶಾರ್ಕ್ ಸಿಗುತ್ತದೆಂಬ ಭರವಸೆ ಬೇಡ. 2017ರಲ್ಲಿ ಇಲ್ಲಿನ ದಡಕ್ಕೆ ಬಂದು ಬಿದ್ದ ಶಾರ್ಕ್‌ಗಳ ಎದೆರೆಕ್ಕೆಗಳ ನಡುವೆ ಸೀಳು ಇತ್ತು, ಯಕೃತ್ತು ಮಾಯವಾಗಿತ್ತು. ಪೋರ್ಟ್, ಸ್ಟಾರ್‌ಬೋರ್ಡ್ (ನಾವಿಕರ ಮಾತಲ್ಲಿ ಎಡ, ಬಲ) ಎಂಬ ಎರಡು ಓರ್ಕಾಗಳ, ಅಂದರೆ ಕೊಲೆಗಾರ ತಿಮಿಂಗಿಲಗಳ, ಕೈವಾಡವಿದು: ಒಂದರ ಬೆನ್ನುರೆಕ್ಕೆ ಎಡಕ್ಕೆ, ಇನ್ನೊಂದರದು ಬಲಕ್ಕೆ ಬಾಗಿದೆ. ಆಮೇಲೆ ಶಾರ್ಕ್‌ಗಳು ಜಾಗ ಖಾಲಿ ಮಾಡಿದವು. ಓರ್ಕಾಗಳಷ್ಟೇ ಕಾರಣವೋ, ಬಲೆ ಮತ್ತು ಮೀನುಗಾರಿಕೆಯ ಪಾಲೂ ಇದೆಯೋ ಎಂದು ವಿಜ್ಞಾನಿಗಳು ಜಗಳವಾಡುತ್ತಲೇ ಇದ್ದಾರೆ. ಈಗ ಪಂಜರದೆದುರು ಹೆಚ್ಚಾಗಿ ಬರುವುದು ಕಂಚುಬಣ್ಣದ ಬ್ರಾಂಜ್ ವೇಲರ್ ಶಾರ್ಕ್. ಟಿಕೆಟ್ ಮಾಡಿಸುವ ಮುನ್ನ ಕಳೆದ ವಾರ ಯಾವ ಜಾತಿ ಕಂಡಿತೆಂದು ನೇರವಾಗಿ ಕೇಳಿ. ಏನೂ ಕಾಣದಿದ್ದರೆ ಹಣ ವಾಪಸೋ, ಇನ್ನೊಂದು ಸುತ್ತೋ ಎಂಬುದನ್ನೂ ಅಲ್ಲೇ ಖಚಿತಪಡಿಸಿಕೊಳ್ಳಿ.