ಫ್ಲೋರ್ ಮೇಲೆ ನಿಂತಾಗ ಎಲ್ಲ ಗಾಡಿಯೂ ಸರಿಯೇ

ನಮ್ಮ ಸೂಪರ್‌ವೈಸರ್‌ಗೆ ಅಲೈನ್‌ಮೆಂಟ್ ಪ್ರಿಂಟ್, ಅಂದರೆ ಗಾಲಿಗಳ ಕೋನ ಅಳೆಯುವ ಮಷಿನ್ ಕೊಡೋ ಚೀಟಿ, ಹಸಿರು ಬಂದರೆ ಸಾಕು. ಹಸಿರು ಬಂತಾ, ಜಾಬ್ ಕಾರ್ಡ್ ಕ್ಲೋಸ್ ಮಾಡು, ಮುಂದಿನ ಗಾಡಿ ಹತ್ತಿಸು. ಹುಬ್ಬಳ್ಳಿ ಗೋಕುಲ ರೋಡಿನ ಗ್ಯಾರೇಜುಗಳಲ್ಲಿ ಕೆಲಸ ಮಾಡಿದವರಿಗೆ ಇದೇನೂ ಹೊಸದಲ್ಲ. ಕಳೆದ ಮಳೆಗಾಲದಲ್ಲಿ ಬಂದ ಒಂದು ಪಿಕಪ್ ಮಾತ್ರ ಹಸಿರಿಗೂ ಬಗ್ಗಲಿಲ್ಲ, ನನಗೂ ಬಗ್ಗಲಿಲ್ಲ.

ಗಾಡಿ ನವಲಗುಂದ ಕಡೆಯ ರೈತರದು. ಡಬಲ್ ಕ್ಯಾಬ್, ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಪಾಟಾ (ಪಟ್ಟಿ ಸ್ಪ್ರಿಂಗ್). ಬೇರೆ ಊರಲ್ಲಿ ಗಾಡಿ ಎತ್ತರ ಮಾಡೋ ಎರಡು ಇಂಚಿನ ಲಿಫ್ಟ್ ಕಿಟ್ ಹಾಕಿಸಿದ್ದರು. ಕಂಪನಿಯ 255/60 ಆರ್18 ಟೈರ್ (ಮೊದಲ ಅಂಕಿ ಮಿ.ಮೀ.ನಲ್ಲಿ ಅಗಲ) ತೆಗೆಸಿ 285/60 ಆರ್18 ಮಡ್ ಟೈರ್ ಏರಿಸಿದ್ದರು. ನೋಡೋಕೆ ಭರ್ಜರಿ. ಪಕ್ಕದ ಚಹಾದಂಗಡಿಯವನೂ ಬಂದು ಫೋಟೋ ಹೊಡೆದುಕೊಂಡ. ದೂರು ಎರಡಿತ್ತು.

"ಎಂಬತ್ತರ ಮ್ಯಾಲೆ ಹೋದ್ರ ಗಾಡಿ ತೇಲಾಕತ್ತೈತ್ರಿ. ಮತ್ತ ಹೊಲದ ದಾರಿಗೆ ಇಳಸೂ ಮುಂದ ಮುಂದಿನ ಗಾಲ್ಯಾಗ ಗರ್ರ್ ಅಂತೈತ್ರಿ."

ಮೊದಲನೆಯದು ಮಷಿನ್‌ಗೆ ಹತ್ತಿಸಿದ ಕೂಡಲೇ ಗೊತ್ತಾಯಿತು. ಗಾಡಿ ಎತ್ತಿದ್ದರಿಂದ ಗಾಲಿ ಹಿಡಿದಿರೋ ಆರ್ಮ್‌ಗಳ ಕೋನ ಬದಲಾಗಿ ಕ್ಯಾಸ್ಟರ್, ಅಂದರೆ ಗಾಲಿ ತಿರುಗುವ ಅಚ್ಚು ಹಿಂದಕ್ಕೆ ವಾಲಿರೋ ಕೋನ, ಕಡಿಮೆಯಾಗಿತ್ತು. ಕ್ಯಾಸ್ಟರ್ ಕಡಿಮೆಯಾದರೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರೋದಿಲ್ಲ. ಕೋನ ಹೊಂದಿಸೋ ಕ್ಯಾಮ್ ಬೋಲ್ಟ್ ಕೊನೆವರೆಗೆ ತಿರುಗಿಸಿದರೂ ಸ್ಕ್ರೀನ್ ಕೆಂಪೇ. ಟೋ, ಅಂದರೆ ಎರಡು ಗಾಲಿ ಒಂದಕ್ಕೊಂದು ನೇರ ಇರೋ ಲೆಕ್ಕ, ಅದು ಮಾತ್ರ ಹಸಿರು. "ಟೋ ಹಸಿರು ಬಂದೈತಲ್ಲ, ಅದೊಂದರ ಪ್ರಿಂಟ್ ಕೊಟ್ಟು ಕಳಸು" ಅಂದರು ಸೂಪರ್‌ವೈಸರ್. ಅಪ್ಪರ್ ಆರ್ಮ್ ಬೇರೆ ಹಾಕಬೇಕು ಅಂದೆ. ಪಾರ್ಟ್ಸ್ ಬಿಲ್ ಅಂತ ಕೇಳಿದ್ದೇ ತಕ್ಷಣ ಒಪ್ಪಿಕೊಂಡರು.

ತಲೆ ತಿಂದದ್ದು ಆ ಗರ್ರ್. ಗ್ಯಾರೇಜಿನ ಲಿಫ್ಟ್ ಮೇಲೆ ಎತ್ತಿ ಎರಡೂ ಕಡೆ ಸ್ಟೇರಿಂಗ್ ಪೂರ್ತಿ ತಿರುಗಿಸಿ ನೋಡಿದೆ. ಎಲ್ಲೂ ತಾಗಲ್ಲ. ಕೆಳಗಿಳಿಸಿ ನೋಡಿದೆ. ಟೈರಿಗೂ ಅದರ ಮೇಲಿನ ಪ್ಲಾಸ್ಟಿಕ್ ಲೈನರ್‌ಗೂ ನಡುವೆ ಕೈ ಆಡುವಷ್ಟು ಜಾಗ. ಹಾಗಾದರೆ ಬೇರಿಂಗೇ ಅಂತ ತಲೆಯಲ್ಲಿ ಕೂತುಬಿಟ್ಟಿತು. ಟೈರ್ ಭಾರ ಜಾಸ್ತಿ, ಅಗಲ ಜಾಸ್ತಿ, ಬೇರಿಂಗ್ ಹೋಗೋದು ಸಹಜ ಅಲ್ವಾ? ಹಬ್ ಬಿಚ್ಚಿದೆವು. ಬೇರಿಂಗ್ ಸದ್ದಿಲ್ಲದೆ ತಿರುಗುತ್ತಿತ್ತು. ಅರ್ಧ ದಿನ ಹೋಯಿತು. "ಹೆಂಗೂ ಬಿಚ್ಚೀರಿ, ಹೊಸಾದ ಹಾಕ್ರಿ" ಅನ್ನೋ ಆರ್ಡರ್ ಮಾತ್ರ ಬಂತು. ಹಾಕಲಿಲ್ಲ. ಹಳೆಯದನ್ನೇ ಗ್ರೀಸ್ ಹಚ್ಚಿ ಕೂರಿಸಿದೆ.

ಆಮೇಲೆ ಗಾಡಿಯ ಯಜಮಾನರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ತಾರಿಹಾಳ ಕಡೆ ಟ್ರಯಲ್ ಹೋದೆ. ಡಾಂಬರಿನ ಮೇಲೆ ಸದ್ದೇ ಇಲ್ಲ. "ಹಿಂಗ ಬರೂದಿಲ್ರಿ ಅಣ್ಣಾರ, ಓರೆ ಮಾಡಿ ಕೆಳಗ ಇಳಸ್ರಿ" ಅಂದರು. ಡಾಂಬರಿನ ಅಂಚು ಅರ್ಧ ಅಡಿ ತಗ್ಗಿತ್ತು. ಬಲಕ್ಕೆ ಪೂರ್ತಿ ತಿರುಗಿಸಿ, ಬ್ರೇಕ್ ಹಿಡಿದು ಇಳಿಸಿದೆ. ಬಲಗಾಲಿ ದೊಪ್ಪನೆ ಕೂತಿತು. ಗರ್ರ್! ಸ್ಟೇರಿಂಗ್ ಕೈಯಲ್ಲೇ ಒಮ್ಮೆ ಒದ್ದು ಬಿಗಿದುಕೊಂಡಿತು. ಗಾಡಿಯ ಹಿಂಭಾಗ ಇನ್ನೂ ರಸ್ತೆ ಮೇಲೆ ಅಡ್ಡ. ಹಿಂದಿನಿಂದ ಒಂದು ಲಾರಿ ಹಾರ್ನ್ ಒತ್ತಿಕೊಂಡೇ ಬರುತ್ತಿದೆ. ಎಡಕ್ಕೆ ಎಳೆದೆ, ಜಗ್ಗಲಿಲ್ಲ. ರಿವರ್ಸ್ ಹಾಕಿದೆ, ಸದ್ದು ಇನ್ನೂ ಜೋರಾಯಿತು. ಪಕ್ಕದಲ್ಲಿ ಯಜಮಾನರು ಹ್ಯಾಂಡಲ್ ಹಿಡಿದು "ಅಪ್ಪಾ ಸಿದ್ಧಾರೂಢಾ" ಅಂದರು. ನನಗೆ ಅದೂ ಹೊರಡಲಿಲ್ಲ. ಬ್ರೇಕ್ ಮೇಲಿದ್ದ ಕಾಲು ತೆಗೆದಾಗ ಗಾಡಿಯ ಮೂತಿ ಸ್ವಲ್ಪ ಮೇಲೆದ್ದಿತು, ಸ್ಟೇರಿಂಗ್ ಬಿಟ್ಟಿತು. ಮುಂದಕ್ಕೆ ಎಗರಿಸಿ ಪೂರ್ತಿ ಕೆಳಗಿಳಿಸಿದೆ. ಲಾರಿಯವನು ಕನ್ನಡಿ ಪಕ್ಕದಲ್ಲೇ ದಾಟಿ, ನಮ್ಮ ಮನೆಯವರನ್ನೆಲ್ಲ ನೆನೆಸಿಕೊಂಡು ಹೋದ.

ವಾಪಸ್ ಬಂದು ಪಿಟ್ ಮೇಲೆ ನಿಲ್ಲಿಸಿದೆವು. ಹೆಲ್ಪರ್ ಹುಡುಗ ಟಾರ್ಚ್ ಹಿಡಿದು ಒಳಗೆ ಹೋದ. ಬಲಗಾಲಿಯ ಹಿಂದೆ, ಕ್ಯಾಬಿನ್ ಚಾಸಿಗೆ ಕೂರುವ ಮೌಂಟ್ ಇರುತ್ತದಲ್ಲ, ಅದರ ಮೇಲೆಲ್ಲ ಎರೆ ಮಣ್ಣು ಒಣಗಿ ಹಕ್ಕಳೆ ಕಟ್ಟಿತ್ತು. ಒಂದು ಬೆರಳಗಲ ಜಾಗದಲ್ಲಿ ಮಾತ್ರ ಮಣ್ಣೂ ಇಲ್ಲ, ಪೇಂಟೂ ಇಲ್ಲ, ಬರೀ ಕಬ್ಬಿಣ. "ಅಣ್ಣಾ, ಇಲ್ಲೆ ತಿಕ್ಕೈತಿ ನೋಡ್ರಿ" ಅಂದ.

ಸ್ಪ್ರಿಂಗ್ ಹೊರಗೆ ತೆಗೆದು, ಲೋವರ್ ಆರ್ಮ್‌ಗೆ ಜಾಕ್ ಕೊಟ್ಟು ಗಾಲಿ ಇನ್ನೂ ಮೇಲೆ ಹೋಗದ ಹಾಗೆ ತಡೆಯೋ ಬಂಪ್ ಸ್ಟಾಪ್ ತಾಗುವವರೆಗೆ ಎತ್ತಿದೆವು. ಟೈರಿನ ಅಂಚಿಗೆ ಸೀಮೆಸುಣ್ಣ ಹಚ್ಚಿ ಬಲಕ್ಕೆ ತಿರುಗಿಸಿದರೆ ಆ ಬೆರಳಗಲ ಜಾಗದಲ್ಲೇ ಬಿಳಿ ಗೀಟು. ಲಿಫ್ಟ್ ಕಿಟ್ ಹಾಕಿದರೆ ಗಾಡಿ ನಿಂತಾಗ ಎತ್ತರ ಕಾಣುತ್ತದೆ. ಆದರೆ ಬಂಪ್ ಸ್ಟಾಪ್ ಮೊದಲಿದ್ದಲ್ಲೇ ಇರುತ್ತದೆ. ಗಾಲಿ ಪೂರ್ತಿ ಮೇಲೆ ಹೋದಾಗ ಟೈರಿಗೆ ಸಿಗೋದು ಕಿಟ್ ಹಾಕುವ ಮುಂಚಿನ ಜಾಗವೇ. ಆ ಜಾಗದಲ್ಲಿ 763 ಮಿ.ಮೀ. ಎತ್ತರದ ಟೈರ್ ಬದಲು 799 ಮಿ.ಮೀ. ಟೈರ್ ಕೂರಬೇಕು, ಮೇಲೆ 30 ಮಿ.ಮೀ. ಅಗಲ ಬೇರೆ ಜಾಸ್ತಿ. ಗಾಲಿ ಜೋತುಬಿದ್ದಾಗ ಲಿಫ್ಟ್ ಮೇಲೆ ಎಷ್ಟು ತಿರುಗಿಸಿದರೂ ತಾಗದೇ ಇದ್ದದ್ದು ಇದಕ್ಕೇ.

"ಆ ಕಬ್ಬಣ ಕೊಯ್ದು ಒಗೀರಿ" ಅಂದರು ಯಜಮಾನರು. ಸೂಪರ್‌ವೈಸರ್ ಗ್ರೈಂಡರ್‌ನ ವೈರ್ ಹುಡುಕುತ್ತಿದ್ದರು. ಇಡೀ ಕ್ಯಾಬಿನ್ ಕೂರುವ ಮೌಂಟ್ ಅದು, ನಾನು ಮುಟ್ಟಲ್ಲ ಅಂದೆ. ಮೋಟಾರು ವಾಹನ ಕಾಯ್ದೆಯ ಕಲಂ 52ರ ಮಾತೂ ತೆಗೆದೆ. ತಯಾರಕರ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಳೆ ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ನೋಡೋದು ಇದನ್ನೇ. ಕಾಯ್ದೆ ಕೇಳಿ ಯಜಮಾನರು ಅಲುಗಾಡಲಿಲ್ಲ. ಮೀಟರ್ 80 ತೋರಿಸುವಾಗ ಗಾಡಿ ಸುಮಾರು 84ರಲ್ಲಿ ಓಡುತ್ತಿರುತ್ತದೆ ಅಂದಾಗ ಸ್ವಲ್ಪ ತಲೆ ಕೆರೆದುಕೊಂಡರು. ಇಷ್ಟು ದೊಡ್ಡ ಟೈರಿನಿಂದ ಅಚ್ಚಿನ ಕೆಳಗೆ ಸಿಕ್ಕಿರೋದು ಬರೀ 18 ಮಿ.ಮೀ. ಎತ್ತರ ಅಂತ ಸ್ಕೇಲ್ ಇಟ್ಟು ತೋರಿಸಿದ ಮೇಲೆ ಮುಖ ಬಿಗಿದುಕೊಂಡು ಸುಮ್ಮನಾದರು. ಎರೆ ಹೊಲದಲ್ಲಿ ಮಳೆ ಬಿದ್ದ ಮೇಲೆ ಮಡ್ ಟೈರಿನ ಗೀರುಗಳಲ್ಲೂ ಮಣ್ಣು ತುಂಬಿ ನುಣ್ಣಗಾಗುತ್ತದೆ. ಕೊನೆಗೆ ಎಳೆಯೋಕೆ ಟ್ರ್ಯಾಕ್ಟರೇ ಬರಬೇಕು. ಅದನ್ನು ನವಲಗುಂದದವರಿಗೆ ನಾನು ಹೇಳಬೇಕಾ?

ಕಡೆಗೆ 265/60 ಆರ್18ಕ್ಕೆ ಒಪ್ಪಿದರು. ಎತ್ತರ 775 ಮಿ.ಮೀ. ಜಾಕ್ ಮೇಲೆ ಪೂರ್ತಿ ಎತ್ತಿ, ಎರಡೂ ಕಡೆ ತಿರುಗಿಸಿ ಸೀಮೆಸುಣ್ಣದಲ್ಲಿ ನೋಡಿದೆವು. ತಾಗಲಿಲ್ಲ.

ಈಗ ಲಿಫ್ಟ್ ಆದ ಗಾಡಿ ಯಾವುದೇ ಬರಲಿ, ಟೈರ್ ಏರಿಸುವ ಮುಂಚೆ ಸ್ಪ್ರಿಂಗ್ ತೆಗೆದು ಈ ಚೆಕ್ ಮಾಡುತ್ತೇನೆ. ಎರಡು ತಾಸು ಬೇಕು. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಇದಕ್ಕೆ ಕೋಡೇ ಇಲ್ಲ. ಹಾಕಿಸಿಕೊಡಿ ಅಂತ ಕೇಳುತ್ತಲೇ ಇದ್ದೇನೆ. ಸದ್ಯಕ್ಕೆ 'ವೀಲ್ ಬ್ಯಾಲೆನ್ಸಿಂಗ್, ನಾಲ್ಕು' ಅಂತ ಬರೆಯುತ್ತಿದ್ದೇವೆ.