ಕ್ವಾರಿಯಲ್ಲಿ ರೋವರ್: ಓಡಿಸುವವರಿಗೆ ರೋವರ್ ಕಾಣಬಾರದು

ಚಂದ್ರ, ಮಂಗಳದ ನೆಲದಲ್ಲಿ ಓಡುವ ಗಾಡಿಗಳ ಮಾದರಿಯ ನಮ್ಮ ಆರು ಚಕ್ರದ ರೋವರ್ ಓಡುತ್ತದೆ, ಅದು ಕಳೆದ ಸಲದ ಸುದ್ದಿ. ಈ ಸಲದ ತಲೆನೋವು ಬೇರೆ. ಬೆಳಗ್ಗೆಯಿಂದ ಸಂಜೆವರೆಗೆ ಅದನ್ನು ಬಯಲಲ್ಲಿ ಇಟ್ಟುಕೊಂಡು, ಮನೆಗೆ ಬಂದಮೇಲೆ ಅರ್ಥವಾಗುವಂಥ ಲೆಕ್ಕ ತರುವುದು ಹೇಗೆ ಅನ್ನೋದು.

ಜಾಗ ಚಿಕ್ಕಬಳ್ಳಾಪುರದ ಕಡೆ, ಕೆಲಸ ನಿಂತುಹೋದ ಒಂದು ಕಲ್ಲು ಕ್ವಾರಿ. ಮಾಲೀಕರು ಪರಿಚಯದವರು, ಹಾಗಾಗಿ ಒಪ್ಪಿದರು. ಒಂದು ಬದಿ ಕ್ರಷರ್ ಧೂಳಿನ ಗುಡ್ಡೆ, ಇನ್ನೊಂದು ಬದಿ ಜಲ್ಲಿ, ಮಧ್ಯೆ ಗ್ರಾನೈಟ್ ಚೂರು. ಇಸ್ರೋದವರು ಸೇಲಂ ಕಡೆಯ ಸಿತ್ತಂಪೂಂಡಿಯಿಂದ ಚಂದ್ರನ ಕಲ್ಲನ್ನು ಹೋಲುವ ಅನಾರ್ಥೊಸೈಟ್ ಅನ್ನೋ ಕಲ್ಲು ತರಿಸಿ, ಪುಡಿ ಮಾಡಿಸಿ ಚಂದ್ರನ ಮಣ್ಣು ತಯಾರಿಸಿದರು, ಚಳ್ಳಕೆರೆ ಹತ್ತಿರದ ಉಳ್ಳಾರ್ತಿ ಕಾವಲಲ್ಲಿ ಲ್ಯಾಂಡರ್ ಪರೀಕ್ಷೆಗೆ ಕುಳಿಗಳನ್ನೇ ತೋಡಿಸಿದರು. ನಮ್ಮ ಜೇಬಿಗೆ ಕ್ರಷರ್ ಧೂಳೇ ಗತಿ.

ದಿನದ ಎಲ್ಲಾ ವ್ಯವಸ್ಥೆ ನಿಂತಿರುವುದು ಒಂದೇ ನಿಯಮದ ಮೇಲೆ: ಕಮಾಂಡ್ ಬರೆಯುವವರು ರೋವರನ್ನು ಕಣ್ಣಾರೆ ನೋಡಬಾರದು. ಅವರ ಶಾಮಿಯಾನ ಜಲ್ಲಿ ಗುಡ್ಡೆಯ ಆಚೆ. ಅವರಿಗೆ ಸಿಗುವುದು ಕ್ಯಾಮೆರಾ ಚಿತ್ರ, ಬ್ಯಾಟರಿ ವೋಲ್ಟೇಜು, ಚಕ್ರ ಎಷ್ಟು ತಿರುಗಿತು ಅನ್ನೋ ಅಂಕಿ, ಅಷ್ಟೇ. 2013ರಲ್ಲಿ ಯುರೋಪಿನವರು ತಮ್ಮ ಮಂಗಳ ಯೋಜನೆ ಎಕ್ಸೋಮಾರ್ಸ್‌ಗಾಗಿ ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಬ್ರಿಜೆಟ್ ಅನ್ನೋ ರೋವರ್ ಇಟ್ಟು, ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಕೂತು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡಿದ್ದರು. ನಮಗೆ ಸಮುದ್ರ ದಾಟುವ ಯೋಗ ಇಲ್ಲ, ಗುಡ್ಡೆ ಇದೆ.

ಕೇಳೋಕೆ ಸುಲಭ. ಆದರೆ ಮನುಷ್ಯನ ಬಾಯಿ ಸುಮ್ನಿರಲ್ಲ. ಬಯಲಲ್ಲಿ ನಿಂತವನು ವಾಕಿಟಾಕಿಯಲ್ಲಿ "ಸ್ವಲ್ಪ ಎಡಕ್ಕೆ ತಗೋ ಮಾರಾಯಾ" ಅಂದುಬಿಟ್ಟರೆ ಆ ಓಟದ ಲೆಕ್ಕ ಕೆಟ್ಟಂತೆಯೇ. ಅದಕ್ಕೆ ಈಗ ಬಯಲಿನವರು ಹೇಳಬಹುದಾದ ಮಾತು ಒಂದೇ, "ನಿಲ್ಲಿಸಿದೆ". ಕೆಂಪು ಸ್ವಿಚ್ ಅವರ ಕೈಯಲ್ಲಿ. ರೋವರ್ ಮಗುಚುವ ಹಾಗಿದ್ದರೆ, ವೈರ್ ಸುಟ್ಟ ವಾಸನೆ ಬಂದರೆ, ಯಾರನ್ನೂ ಕೇಳದೆ ಒತ್ತಬೇಕು. ಯಾಕೆ ಒತ್ತಿದೆ ಅನ್ನೋ ಚರ್ಚೆಯೆಲ್ಲಾ ಸಂಜೆಗೆ.

ಮಂಗಳದ ಒಂದು ದಿನ, ಅಂದರೆ ಸೋಲ್, 24 ಗಂಟೆ 39 ನಿಮಿಷ ಚಿಲ್ಲರೆ. ಅಲ್ಲಿನ ರೋವರ್‌ಗಳಿಗೆ ಜಾಯ್‌ಸ್ಟಿಕ್ ಹಿಡಿದು ಓಡಿಸುವ ಭಾಗ್ಯ ಇಲ್ಲ. ದಿನದ ಕೆಲಸವನ್ನೆಲ್ಲಾ ಒಟ್ಟಿಗೆ ಕಳಿಸುತ್ತಾರೆ, ಏನಾಯಿತು ಅನ್ನೋದು ಆಮೇಲೆ ಮಂಗಳವನ್ನು ಸುತ್ತುವ ಆರ್ಬಿಟರ್‌ ನೌಕೆಗಳ ಮೂಲಕ ಬರುತ್ತದೆ, ಅದನ್ನು ನೋಡಿಕೊಂಡು ಮುಂದಿನ ಯೋಜನೆ. ಅದನ್ನೇ ನಾವು ಕುಗ್ಗಿಸಿ ಒಂದು ಹಗಲಲ್ಲಿ ಮೂರು ಸೋಲ್ ತುರುಕಿದ್ದೇವೆ: ಬೆಳಗ್ಗೆ ಒಂದು, ತಿಂಡಿಯಾದಮೇಲೆ ಒಂದು, ಸಂಜೆ ಒಂದು. ಕಮಾಂಡ್ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತೇವೆ. ಓದಿ ಮುಗಿಸಿದ ಮೇಲೆ ತಿದ್ದುವಂತಿಲ್ಲ, ಯಾರಿಗೆ ಎಂಥಾ ಐಡಿಯಾ ಹೊಳೆದರೂ ಅದು ಮುಂದಿನ ಸೋಲ್‌ಗೆ. ಈ ನಿಯಮಕ್ಕೆ ಜಗಳ ಜಾಸ್ತಿ.

ಒಂದು ಕಮಾಂಡಿಗೆ 5 ಮೀಟರ್ ದಾಟಬಾರದು ಅನ್ನೋದನ್ನ ಚಂದ್ರಯಾನ-3ರ ರೋವರ್ ಪ್ರಜ್ಞಾನ್‌ನಿಂದ ಕದ್ದೆವು. ಅದರ ಕ್ಯಾಮೆರಾ ಚಿತ್ರದಿಂದ ಮಾಡುವ ನೆಲದ ನಕ್ಷೆ ಅಷ್ಟೇ ದೂರಕ್ಕೆ ಸಿಗುತ್ತಿದ್ದದ್ದು, ಹಾಗಾಗಿ ಒಂದು ಸಲಕ್ಕೆ ಅಷ್ಟೇ ದಾರಿ. 26 ಕಿಲೋ ತೂಕ, ಸೆಕೆಂಡಿಗೆ 1 ಸೆಂಟಿಮೀಟರ್ ನಡಿಗೆ. 2023ರ ಆಗಸ್ಟ್ 27ರಂದು 4 ಮೀಟರ್ ಅಗಲದ ಕುಳಿಯೊಂದು 3 ಮೀಟರ್ ಮುಂದೆ ಕಾಣಿಸಿದಾಗ ಬಂದ ದಾರಿಯಲ್ಲೇ ವಾಪಸ್ ಹೋಗು ಅಂದರು. ದುಡುಕಲಿಲ್ಲ, ಅಲ್ವಾ?

ಈಗ ಅಳತೆ ಟೇಪಿನ ವಿಷಯ. ಪ್ರತಿ ಓಟ ಶುರುವಾಗುವ ಮುಂಚೆ ಮುಂದಿನ ಚಕ್ರದ ಪಕ್ಕ ಒಂದು ಮೊಳೆ ನೆಡುತ್ತೇವೆ. ಅದರ ತಲೆಗೆ ಕೆಂಪು ಇನ್ಸುಲೇಶನ್ ಟೇಪ್ ಸುತ್ತಿದೆ, ಇಲ್ಲದಿದ್ದರೆ ಧೂಳಲ್ಲಿ ಕಾಣಲ್ಲ. ನಿಂತಮೇಲೆ ಇನ್ನೊಂದು ಮೊಳೆ. ನೆಲದಲ್ಲಿ ಮೂಡಿದ ಚಕ್ರದ ಅಚ್ಚು ತುಳಿಯದ ಹಾಗೆ ಪಕ್ಕದಿಂದ ಬಗ್ಗಿ ಎರಡು ಮೊಳೆಗಳ ನಡುವಿನ ದೂರ ಅಳೆಯಬೇಕು, ಸೊಂಟ ಹೋಗುತ್ತೆ. ಚಕ್ರದ ಲೆಕ್ಕ 5 ಮೀಟರ್, ಟೇಪು 3.5 ಅಂದರೆ 30 ಪರ್ಸೆಂಟ್ ಜಾರಿದೆ ಅಂತ. ಒಳ್ಳೆ ನೆಲದಲ್ಲಿ ಅಚ್ಚು ಗೀಟು ಗೀಟಾಗಿ ಒಂದೊಂದು ಹಲ್ಲೂ ಮೂಡಿರುತ್ತದೆ. ಜಾರಿದ ಕಡೆ ಆ ಗೀಟುಗಳು ಅಳಿಸಿಹೋಗಿ ಬರೀ ಕಾಲುವೆ ಉಳಿದಿರುತ್ತದೆ. ಈ ಟೇಪಿನ ಅಂಕಿ ಬಯಲಿನ ನೋಟ್‌ಬುಕ್ಕಿನಲ್ಲೇ ಇರಬೇಕು. ಸಂಜೆಯ ಟೀವರೆಗೆ ಶಾಮಿಯಾನದವರಿಗೆ ಅದು ಸಿಗಲ್ಲ, ಎಷ್ಟು ಕಾಡಿದರೂ.

ಮಧ್ಯಾಹ್ನ ಹನ್ನೆರಡರಿಂದ ಮೂರು ರಜೆ. ಶಿವರಾತ್ರಿ ಕಳೆದಮೇಲೆ ಇಲ್ಲಿನ ಬಂಡೆ ಕಾವಲಿ ಇದ್ದ ಹಾಗೆ, ಆದರೆ ಕಾರಣ ಅದೊಂದೇ ಅಲ್ಲ. ಸೂರ್ಯ ನೆತ್ತಿ ಮೇಲೆ ಬಂದಾಗ ಕಲ್ಲಿಗೆ ನೆರಳೇ ಬೀಳಲ್ಲ, ಚಿತ್ರದಲ್ಲಿ ಎಲ್ಲಾ ಬೂದು ಬಯಲು, ಎರಡು ಕಣ್ಣಿನಿಂದ ದೂರ ಅಂದಾಜು ಮಾಡುವ ಸ್ಟೀರಿಯೋ ಕ್ಯಾಮೆರಾಕ್ಕೆ ಹಿಡಿದುಕೊಳ್ಳಲು ಗುರುತು ಸಿಗಲ್ಲ. ಆ ಹೊತ್ತಿಗೆ ಬ್ಯಾಟರಿ ಬಿಚ್ಚಿ ನೆರಳಲ್ಲಿಟ್ಟು, ತಣ್ಣಗಾದಮೇಲೆ ಚಾರ್ಜಿಗೆ. ನಮಗೆ ಚಿತ್ರಾನ್ನ, ಮಜ್ಜಿಗೆ.

ಗಡಿಯಾರ ಇನ್ನೊಂದು ಕಾಟ. ರೋವರ್ ಒಳಗಿನ ಪುಟ್ಟ ಕಂಪ್ಯೂಟರ್, ನಮ್ಮ ರಾಸ್ಪ್‌ಬೆರಿ ಪೈ 4ಕ್ಕೆ ಸ್ವಂತ ಗಡಿಯಾರ ಇಲ್ಲ, ಇಂಟರ್ನೆಟ್ ಇದ್ದರೆ ಅಲ್ಲಿಂದ ಟೈಮ್ ಕೇಳಿಕೊಳ್ಳುತ್ತದೆ. ಕ್ವಾರಿ ಗುಂಡಿಯಲ್ಲಿ ಸಿಗ್ನಲ್ ಎಲ್ಲಿಂದ ಬರಬೇಕು? ಆಫ್ ಮಾಡಿ ಆನ್ ಮಾಡಿದರೆ ಹಳೇ ಟೈಮಿಂದ ಶುರು ಹಚ್ಚಿಕೊಳ್ಳುತ್ತದೆ, ಆಗ ನೋಟ್‌ಬುಕ್ಕಿನ ಟೈಮಿಗೂ ಚಿತ್ರದ ಟೈಮಿಗೂ ತಾಳೆಯೇ ಆಗಲ್ಲ. ಬಟನ್ ಸೆಲ್ ಇರುವ ಡಿಎಸ್3231 ಗಡಿಯಾರ ಮಾಡ್ಯೂಲ್ ಹಾಕಿದೆವು, ಈಗ ನೆಮ್ಮದಿ. ಕಮಾಂಡ್ ಹೋಗುವುದು ಕಡಿಮೆ ಕರೆಂಟಲ್ಲಿ ದೂರ ಮುಟ್ಟುವ ಲೋರಾ ರೇಡಿಯೋದಲ್ಲಿ, 865-867 ಮೆಗಾಹರ್ಟ್ಸ್, ಅದಕ್ಕೆ ಲೈಸೆನ್ಸ್ ಬೇಡ. ಚಿತ್ರ ಮಾತ್ರ ವೈಫೈಯಲ್ಲಿ.

ಕುರಿ ಮಂದೆ ಎರಡನೇ ಸೋಲ್‌ನ ಹೊತ್ತಿಗೇ ಬರುತ್ತದೆ. ಅಚ್ಚೆಲ್ಲಾ ತುಳಿದುಹಾಕುತ್ತವೆ. ಮೊದಲ ದಿನ ಕುರಿ ಕಾಯುವ ಯಜಮಾನರು ಸ್ವಲ್ಪ ಹೊತ್ತು ನಿಂತು ನೋಡಿ, "ಇಷ್ಟು ನಿಧಾನಕ್ಕೆ ಯಾವೂರಿಗೆ ಹೋಗ್ತದೆ ಸ್ವಾಮಿ ಇದು?" ಅಂದರು. ಈಗ ಮಂದೆ ಹಾಯುವ ಹೊತ್ತನ್ನು ಅವರನ್ನೇ ಕೇಳಿಕೊಂಡು ಸೋಲ್ ಹೊಂದಿಸುತ್ತೇವೆ. ನಾಸಾದವರ ವೇಳಾಪಟ್ಟಿಯಲ್ಲಿ ಈ ಕಾಲಂ ಇರಲಿಕ್ಕಿಲ್ಲ.

ಮುಂದಿನದು ಇಳಿಜಾರು. ಅಲ್ಲೊಂದು ತೊಡಕಿದೆ: ಮಂಗಳದ ಗುರುತ್ವ ನಮ್ಮದರ ಶೇ. 38 ಮಾತ್ರ. ಅದಕ್ಕೇ ನಾಸಾದ ಜೆಪಿಎಲ್ ಪ್ರಯೋಗಾಲಯದವರು ಮಂಗಳದ ರೋವರ್ ಕ್ಯೂರಿಯಾಸಿಟಿಯ ಹಗುರ ಜೋಡಿಯೊಂದನ್ನು, ಸ್ಕೇರ್‌ಕ್ರೋ ಅಂತ, ಒಳಗಿನ ಕಂಪ್ಯೂಟರೆಲ್ಲಾ ಬಿಟ್ಟು ಕಟ್ಟಿ, ಕ್ಯಾಲಿಫೋರ್ನಿಯಾದ ಮರಳು ದಿಬ್ಬಗಳ ಮೇಲೆ ಹತ್ತಿಸಿ ನೋಡಿದ್ದು. ನಾವೂ ಬ್ಯಾಟರಿ, ಪೈ ಎರಡನ್ನೂ ಕೆಳಗಿಳಿಸಿ, ಉದ್ದ ವೈರ್ ಎಳೆದು ಹತ್ತಿಸುವ ಯೋಚನೆಯಲ್ಲಿದ್ದೇವೆ. ಅದಕ್ಕೆ ಮುಂಚೆ ಆರು ಚಕ್ರದ ಮೇಲೂ ಎಷ್ಟೆಷ್ಟು ಭಾರ ಬೀಳುತ್ತೆ ಅಂತ ಬೇರೆ ಬೇರೆಯಾಗಿ ತೂಗಬೇಕು. ಒಂದೇ ಥರದ ಆರು ಚಿಕ್ಕ ತಕ್ಕಡಿ ಯಾರ ಹತ್ತಿರವಾದರೂ ಇದ್ದರೆ ಎರಡು ದಿನಕ್ಕೆ ಕೊಡಿ, ಧೂಳು ಒರೆಸಿಯೇ ವಾಪಸ್ ಮಾಡುತ್ತೇವೆ.