ಚೀಟಿಯಲ್ಲಿ ಅಮ್ಮನ ಹೆಸರು

17 ನವೆಂಬರ್ 2024, ಭಾನುವಾರ ರಾತ್ರಿ
ಫ್ಲೋರಲ್ ಪಾರ್ಕ್, ನ್ಯೂಯಾರ್ಕ್

ಭಾನುವಾರ ಅಂದರೆ ಫ್ಲಷಿಂಗ್ ಗಣೇಶನ ಗುಡಿ, ಆಮೇಲೆ ಅಲ್ಲೇ ಕ್ಯಾಂಟೀನಿನಲ್ಲಿ ದೋಸೆ. ಇವತ್ತು ಅದು ತಪ್ಪಿತು. ಹೋಗಿದ್ದು ಒಂದು ಯಹೂದಿ ಸ್ಮಶಾನಕ್ಕೆ.

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನವನು ಯಹೂದಿ. ಮಡಿವಂತನೇನಲ್ಲ. ಒಂದು ತಿಂಗಳಿಂದ ನನ್ನ ಗೊಣಗಾಟ ಕೇಳಿ ಕೇಳಿ ಅವನಿಗೆ ಸಾಕಾಗಿತ್ತು ಅಂತ ಕಾಣುತ್ತೆ. ಅಮ್ಮ ಹಾಸನದಲ್ಲಿ ಒಬ್ಬಳೇ, ಜೂನಿನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು, ಇಲ್ಲಿಗೆ ಬಾ ಅಂದರೆ ಸುತರಾಂ ಒಪ್ಪಲ್ಲ, ನಾವೇ ವಾಪಸ್ ಹೋಗೋಣ ಅಂದರೆ ಮಗಳ ಹೈಸ್ಕೂಲು. ಇದನ್ನೇ ತಿರುಗಿಸಿ ಮುರುಗಿಸಿ ಹೇಳುತ್ತಿದ್ದೆ. "ಭಾನುವಾರ ನನ್ನ ಜೊತೆ ಬಾ, ರೆಬ್ಬೆ ಹತ್ತಿರ ಹೇಳಿಕೋ" ಅಂದ. ಎಲ್ಲಿದ್ದಾರೆ ಅವರು ಅಂತ ಕೇಳಿದೆ. "1994ರಲ್ಲೇ ತೀರಿಕೊಂಡರು" ಅಂದ.

ನಮಗೇನೂ ಇದು ವಿಚಿತ್ರ ಅನ್ನಿಸಬಾರದು, ಅಲ್ವಾ. ಮಂತ್ರಾಲಯದ ಬೃಂದಾವನದ ಮುಂದೆ ನಿಂತು ಮಗನ ಸೀಟು, ಮಗಳ ಮದುವೆ ಎಲ್ಲ ರಾಯರಿಗೆ ಹೇಳಿಕೊಂಡು ಬರೋ ಜನ ನಾವು.

ಯಹೂದಿಗಳಲ್ಲಿ ಹಸಿದೀ ಅಂತ ಒಂದು ಭಕ್ತಿಪಂಥ, ಅವರಿಗೆ ರೆಬ್ಬೆ ಅಂದರೆ ಗುರು. ಮದುವೆ ಮಾಡಲಾ, ಅಂಗಡಿ ಹಾಕಲಾ, ಆಪರೇಷನ್ ಮಾಡಿಸಲಾ, ಎಲ್ಲವನ್ನೂ ಹೋಗಿ ಕೇಳೋದು ಅವರ ಹತ್ತಿರ. ಇವರು ಆ ಪಂಥದ ಲುಬಾವಿಚ್ ಅನ್ನೋ ಗುರುಪರಂಪರೆಯ ಏಳನೆಯವರು, ಮೆನಾಖೆಮ್ ಮೆಂಡೆಲ್ ಶ್ನೀರ್ಸನ್. 1902ರಲ್ಲಿ ಈಗಿನ ಯುಕ್ರೇನಿನ ಮಿಕೊಲಾಯಿವ್‌ನಲ್ಲಿ ಹುಟ್ಟಿದರು. ಪ್ಯಾರಿಸ್ಸಿನಲ್ಲಿ ಇಂಜಿನಿಯರಿಂಗ್ ಓದಿ, 1941ರಲ್ಲಿ ನಾಜಿಗಳಿಂದ ಪಾರಾಗಿ ಇಲ್ಲಿಗೆ ಬಂದು, ಯುದ್ಧದ ವರ್ಷಗಳಲ್ಲಿ ಬ್ರೂಕ್ಲಿನ್ ಹಡಗುಕಟ್ಟೆಯಲ್ಲಿ ಕೆಲಸ ಮಾಡಿದವರು. ಮಾವ ಆರನೇ ರೆಬ್ಬೆ. ಅವರು 1950ರಲ್ಲಿ ತೀರಿಹೋದ ಮೇಲೆ ಒಂದು ವರ್ಷ ಇವರು ಗುರುಪಟ್ಟ ಒಪ್ಪಿಕೊಳ್ಳಲೇ ಇಲ್ಲ.

ಒಪ್ಪಿಕೊಂಡ ಮೇಲೆ ಶುರುವಾಯಿತು ರಾತ್ರಿ ಪಾಳಿ. ಬ್ರೂಕ್ಲಿನ್ನಿನ ಈಸ್ಟರ್ನ್ ಪಾರ್ಕ್‌ವೇ, ಮನೆ ನಂಬರ್ 770. ವಾರದಲ್ಲಿ ಎರಡು ಮೂರು ರಾತ್ರಿ ಬಾಗಿಲು ಮುಚ್ಚಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡೋದು, ಎಷ್ಟೋ ಸಲ ಬೆಳಗಿನ ಜಾವ ಆಗುತ್ತಿತ್ತು. 1977ರಲ್ಲಿ ಇಸ್ರೇಲಿನ ಪ್ರಧಾನಿ ಬೆಗಿನ್ ವಾಷಿಂಗ್ಟನ್ನಿಗೆ ಹೋಗೋ ಮುಂಚೆ ಇಲ್ಲಿಗೆ ಬಂದಿದ್ದರು. ಅದೇ ಕೋಣೆಗೆ ದರ್ಜಿಯೂ ಬರುತ್ತಿದ್ದ, ಪರೀಕ್ಷೆಯಲ್ಲಿ ಫೇಲಾದ ಹುಡುಗನೂ ಬರುತ್ತಿದ್ದ.

ಇದನ್ನೆಲ್ಲ ಕಾರಿನಲ್ಲಿ ಹೇಳಿದ್ದು ಅವನೇ. ನನಗೆ ಮನಸ್ಸಿಗೆ ಹತ್ತಿದ್ದು ಶರ್ಲಿ ಚಿಸಮ್ ಕಥೆ. 1968ರಲ್ಲಿ ಬ್ರೂಕ್ಲಿನ್ನಿನಿಂದ ಗೆದ್ದು ಅಮೆರಿಕದ ಸಂಸತ್ತಿಗೆ ಹೋದ ಮೊದಲ ಕಪ್ಪು ಮಹಿಳೆ ಆಕೆ. ಹೋದ ಕೂಡಲೇ ಅವರನ್ನು ಕೃಷಿ ಸಮಿತಿಗೆ ಹಾಕಿದರು, ಮೂಲೆಗೆ ತಳ್ಳೋಕೆ. ಬ್ರೂಕ್ಲಿನ್ನಿನಲ್ಲಿ ಎಲ್ಲಿದೆ ಹೊಲ! ಸಿಟ್ಟಿನಲ್ಲೇ ರೆಬ್ಬೆ ಹತ್ತಿರ ಬಂದರಂತೆ. ಅವರು ಸಮಾಧಾನ ಮಾಡಲಿಲ್ಲವಂತೆ. ಈ ದೇಶದಲ್ಲಿ ಧಾನ್ಯ ಮಿಕ್ಕಿ ಬಿದ್ದಿದೆ, ಹಸಿದವರೂ ಇದ್ದಾರೆ, ಇವೆರಡನ್ನೂ ಸೇರಿಸೋ ಜಾಗ ನಿಮಗೆ ಸಿಕ್ಕಿದೆಯಲ್ಲ ಅಂದರಂತೆ, ಅಷ್ಟೇ. ಮುಂದೆ ಬಡ ಬಸುರಿ ಬಾಣಂತಿಯರಿಗೆ, ಕೂಸುಗಳಿಗೆ ಆಹಾರ ಕೊಡೋ ವಿಕ್ ಯೋಜನೆ ಬಂದಾಗ ಚಿಸಮ್ ಅದರ ಬೆನ್ನಿಗೆ ನಿಂತರು. ನಮ್ಮ ಬೀದಿ ಕೊನೆಯ ಅಂಗಡಿಯ ಗಾಜಿನ ಮೇಲೆ ಇಲ್ಲಿ ವಿಕ್ ನಡೆಯುತ್ತೆ ಅಂತ ಬೋರ್ಡಿದೆ. ಎಷ್ಟು ವರ್ಷದಿಂದ ನೋಡುತ್ತಿದ್ದೇನೆ, ನಮ್ಮ ಅಂಗನವಾಡಿ ಥರದ್ದೇನೋ ಅಂದುಕೊಂಡು ಸುಮ್ನೆ ಹಾದು ಹೋಗುತ್ತಿದ್ದೆ.

ಇನ್ನೊಂದು ವಿಷಯ. ಕಾಯಿಲೆ ಅಂತ ಬಂದವರಿಗೆ ರೆಬ್ಬೆ ಎಷ್ಟೋ ಸಲ ಹೇಳುತ್ತಿದ್ದದ್ದು, ನಿಮಗೆ ಬೇಕಾದ ಡಾಕ್ಟರೊಬ್ಬರನ್ನು ಕೇಳಿ ಅಂತ. ಅಂದರೆ ವೈದ್ಯನೂ ಆಗಿರಬೇಕು, ಸ್ನೇಹಿತನೂ ಆಗಿರಬೇಕು. ವ್ಯಾಪಾರದ ಪ್ರಶ್ನೆಯಾದರೆ ವಿಷಯ ಗೊತ್ತಿರೋ ಸ್ನೇಹಿತರನ್ನು ಕೇಳಿ. ಕಾಗದದಲ್ಲಿ ಇದು ಮಾಡಲಾ ಅದು ಮಾಡಲಾ ಅಂತ ಬರೆದರೆ ಒಮ್ಮೊಮ್ಮೆ ಅದೇ ಕಾಗದದಲ್ಲಿ ಒಂದು ಪದಕ್ಕೆ ಸುತ್ತು ಹಾಕಿ ಕಳಿಸುತ್ತಿದ್ದರು. ಕೊನೆಕೊನೆಗೆ, ಪ್ರತಿಯೊಬ್ಬರೂ ಸಲಹೆ ಕೇಳೋಕೆ ನಿಮ್ಮ ನಿಮ್ಮ ಹತ್ತಿರದಲ್ಲೇ ಒಬ್ಬರನ್ನು ಮಾಡಿಕೊಳ್ಳಿ ಅಂತ ಪದೇ ಪದೇ ಹೇಳಿದರು. ಗುರುಗಳು ಹೀಗೆ ಹೇಳೋದು ಜಾಸ್ತಿ ಕೇಳಿಲ್ಲ ನಾನು.

ಆದರೆ ಜನ ಬಿಡಬೇಕಲ್ಲ. ಈಗಲೂ ಅವರ ಪತ್ರಗಳ ಸಂಪುಟದಲ್ಲಿ ಚೀಟಿ ತೂರಿಸಿ, ತೆರೆದ ಪುಟದಲ್ಲಿ ಉತ್ತರ ಹುಡುಕುವವರಿದ್ದಾರೆ. ನಮ್ಮಲ್ಲಿ ದೇವರ ಬಲಗಡೆ ಹೂ ಬಿತ್ತಾ, ಎಡಗಡೆ ಬಿತ್ತಾ ಅಂತ ಪ್ರಸಾದ ಕೇಳುತ್ತಾರಲ್ಲ, ಹಾಗೆ. ಅವರೇ ಮೆಸ್ಸೀಯ, ಅಂದರೆ ಯಹೂದಿಗಳು ಕಾಯುತ್ತಿರೋ ಉದ್ಧಾರಕ, ಸತ್ತಿಲ್ಲ ಅನ್ನುವವರೂ ಇದ್ದಾರೆ. ಆ ಮಾತು ಬಂದಾಗ ಇವನು ಮುಖ ಹುಳ್ಳಗೆ ಮಾಡಿಕೊಂಡ. ಮಕ್ಕಳಿರಲಿಲ್ಲ, ಎಂಟನೆಯ ರೆಬ್ಬೆ ಅಂತ ಯಾರೂ ಆಗಲಿಲ್ಲ.

ಇವನು ಅವರನ್ನು ನೋಡಿದ್ದು ಒಂದೇ ಸಲ, 1989ರಲ್ಲಿ, ಏಳು ವರ್ಷದವನಿದ್ದಾಗ. ಆ ಹೊತ್ತಿಗೆ ರಾತ್ರಿ ಭೇಟಿ ನಿಂತಿತ್ತು. 1986ರಿಂದ ಭಾನುವಾರ ಭಾನುವಾರ ಬಾಗಿಲ ಬಳಿ ನಿಂತು ಬಂದವರಿಗೆಲ್ಲ ಒಂದೊಂದು ಡಾಲರ್ ಕೊಡುತ್ತಿದ್ದರು. ಇಟ್ಟುಕೊಳ್ಳೋಕಲ್ಲ, ದಾನ ಮಾಡೋಕೆ. ಎಂಬತ್ತು ದಾಟಿದ್ದ ರೆಬ್ಬೆ ಗಂಟೆಗಟ್ಟಲೆ ನಿಂತೇ ಇರುತ್ತಿದ್ದರಂತೆ. ಇವನ ಅಮ್ಮ ಗಂಡನ ಕೆಲಸದ ಬಗ್ಗೆ ಕೇಳಬೇಕು ಅಂತ ವಾರವೆಲ್ಲ ಮಾತು ಜೋಡಿಸಿಕೊಂಡು ಹೋಗಿದ್ದಳು. ಎದುರಿಗೆ ನಿಂತಾಗ ಮರೆತೇ ಹೋಯಿತು. ಸಿಕ್ಕಿದ್ದು ಎರಡು ಸೆಕೆಂಡು, ಒಂದು ನೋಟು, "ಬ್ರಾಖಾ ವೆಹತ್ಸ್ಲಾಖಾ", ಆಶೀರ್ವಾದ, ಒಳ್ಳೆಯದಾಗಲಿ. ಬೇರೆ ಡಾಲರ್ ದಾನ ಮಾಡಿ, ಆ ನೋಟಿಗೆ ಲ್ಯಾಮಿನೇಷನ್ ಹಾಕಿಸಿ ಇಟ್ಟಿದ್ದಾಳೆ. ಎಲ್ಲರೂ ಹೀಗೇ ಮಾಡುತ್ತಿದ್ದರಂತೆ!

ಸಮಾಧಿ ಇರೋದು ಕ್ವೀನ್ಸಿನ ಕೇಂಬ್ರಿಯಾ ಹೈಟ್ಸ್‌ನಲ್ಲಿ, ಮನೆಯಿಂದ ಹದಿನೈದು ನಿಮಿಷವೂ ಇಲ್ಲ. ಪಕ್ಕದ ಕಟ್ಟಡದಲ್ಲಿ ಕಾಫಿ, ಬಿಸ್ಕತ್ತು, ಪೇಪರ್, ಪೆನ್ನು. ಗೋಡೆಯ ಟಿವಿಯಲ್ಲಿ ರೆಬ್ಬೆ ಹಳೇ ಭಾಷಣ ಮಾಡುತ್ತಿದ್ದರು, ಕೆಳಗೆ ಯಾರದೋ ಮಗು ಬಿಸ್ಕತ್ತು ಪುಡಿ ಮಾಡುತ್ತಿತ್ತು. ಚರ್ಮದ ಚಪ್ಪಲಿ ನಡೆಯಲ್ಲ, ನನ್ನದು ಸದ್ಯ ಕ್ಯಾನ್ವಾಸ್ ಶೂ. ಚೀಟಿಗೆ ಕ್ವಿಟ್ಲ್ ಅಂತಾರೆ. ಮೊದಲು ನಮ್ಮ ಹೆಸರು, ಆಮೇಲೆ ಇಂಥವಳ ಮಗಳು ಅಂತ ಅಮ್ಮನ ಹೆಸರು. ಅಪ್ಪನದಲ್ಲ. ಶಾಲೆಯಿಂದ ಪಾಸ್‌ಪೋರ್ಟಿನವರೆಗೆ ಎಲ್ಲ ಕಡೆ ನನ್ನ ಹೆಸರಿನ ಜೊತೆ ಅಂಟಿಕೊಂಡು ಬಂದಿದ್ದು ಅಪ್ಪನ ಹೆಸರು. ಅಮ್ಮನ ಹೆಸರನ್ನು ನನ್ನದರ ಪಕ್ಕ ಬರೆಯೋವಾಗ ಕೈ ಒಂದು ಕ್ಷಣ ತಡೆಯಿತು.

ಕನ್ನಡದಲ್ಲೇ ಬರೆದೆ. ಅಮ್ಮ ಇಲ್ಲಿಗೆ ಬರೋ ಹಾಗಾಗಲಿ. ಹೊಡೆದು ಹಾಕಿದೆ. ನಾನೇ ಅಲ್ಲಿಗೆ ಹೋಗೋ ಹಾಗಾಗಲಿ. ಅದನ್ನೂ ಹೊಡೆದೆ. ಕೊನೆಗೆ ಉಳಿದದ್ದು, ಅಮ್ಮನ ಮಣಿಕಟ್ಟಿನ ನೋವು ಕಡಿಮೆಯಾಗಲಿ.

ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಬಾಗಿಲು. ತಟ್ಟಿ ಒಳಗೆ ಹೋಗಬೇಕು. ಸೂರಿಲ್ಲ, ನಾಲ್ಕು ಗೋಡೆ, ಮಾವ ಅಳಿಯ ಅಕ್ಕಪಕ್ಕ. ಮಾವನ ಸಮಾಧಿ ಮುಂದೆ ಈ ರೆಬ್ಬೆಯೂ ಹೀಗೇ ನಿಲ್ಲುತ್ತಿದ್ದರಂತೆ, ಜನ ಕೊಟ್ಟ ಚೀಟಿಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು, ಒಂದೊಂದಾಗಿ ಓದುತ್ತಾ. ಮುಂದೆ ಹರಿದ ಕಾಗದದ ರಾಶಿ. ಮನಸ್ಸಿನಲ್ಲೇ ಓದಿ, ಹರಿದು ಹಾಕಿದೆ. ಹೀಬ್ರೂ, ಇಂಗ್ಲಿಷ್ ಚೂರುಗಳ ಮೇಲೆ ನನ್ನದೊಂದು ಚೂರು ಮಗುಚಿ ಬಿತ್ತು, ಅದರಲ್ಲಿ ಒಂದು ಕೊಂಬು, ಅರ್ಧ ಒತ್ತಕ್ಷರ. ಬೆನ್ನು ತೋರಿಸದೆ ಹಿಂದಕ್ಕೆ ಹೆಜ್ಜೆ ಹಾಕಿಕೊಂಡು ಹೊರಗೆ ಬಂದೆ.

ಈಗ ಒಂಬತ್ತು ಗಂಟೆಗೆ ಫೋನ್ ಮಾಡಿದ್ದೆ. ಹಾಸನದಲ್ಲಿ ಬೆಳಗ್ಗೆ ಏಳೂವರೆ, ಅಮ್ಮ ದಾಸವಾಳ ಕೊಯ್ಯುತ್ತಿದ್ದಳು. ಎಲ್ಲ ಹೇಳಿದೆ.

"ಗೋತ್ರ ಹೇಳಿದೆಯಾ?"

"ಅಲ್ಲಿ ಗೋತ್ರ ಕೇಳಲ್ಲಮ್ಮ. ನಿನ್ನ ಹೆಸರಷ್ಟೇ."

"ಬರೀ ನನ್ನ ಹೆಸರು ಬರೆದರೆ ಅವರಿಗೆ ಹೇಗೆ ಗೊತ್ತಾಗುತ್ತೆ ಯಾರು ಅಂತ?" ಅಂದಳು. ಆಮೇಲೆ ಸ್ವಲ್ಪ ತಡೆದು, "ಇನಿಷಿಯಲ್ ಆದರೂ ಹಾಕಿದೆ ತಾನೇ?"